ತೇಲುತ್ತೋ ಮುಳುಗುತ್ತೋ: ಯಾವ ವಯಸ್ಸಿಗೆ ಯಾವ ಪ್ರಯೋಗ ಆರಿಸೋಣ?

"ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ." ಯಾವ ಮಗುವನ್ನು ಕೇಳಿದರೂ ಮೊದಲು ಬರುವ ಉತ್ತರ ಇದೇ. ದೊಡ್ಡವರಲ್ಲೂ ಬಹಳ ಜನರ ಮನಸ್ಸಿನಲ್ಲಿ ಇರುವುದು ಇದೇ. ಆದರೆ ಸಿಪ್ಪೆ ಸುಲಿಯದ ತೆಂಗಿನಕಾಯಿ ಕೆರೆಗೆ ಬಿದ್ದರೆ ತೇಲುತ್ತದೆ, ಒಂದು ಗ್ರಾಂ ಆಸುಪಾಸು ತೂಗುವ ಹುಣಸೆಬೀಜ ತಳ ಸೇರುತ್ತದೆ. ತೂಕವೊಂದನ್ನೇ ನೋಡಿದರೆ ಲೆಕ್ಕ ಸರಿಹೋಗುವುದಿಲ್ಲ. ಅಷ್ಟು ತೂಕ ಎಷ್ಟು ಜಾಗ ಹಿಡಿದಿದೆ, ಎಷ್ಟು ನೀರನ್ನು ಬದಿಗೆ ತಳ್ಳುತ್ತದೆ ಎಂಬುದನ್ನೂ ನೋಡಬೇಕು.

ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ. ಮಾಡಿಸಿಯೇ ತೋರಿಸಬೇಕು. ಮಾಡಿಸಲು ಪ್ರಯೋಗಗಳಿಗೇನೂ ಬರವಿಲ್ಲ: ತೇಲುವ ಮೊಟ್ಟೆ, ಕುಣಿಯುವ ದ್ರಾಕ್ಷಿ, ಬಣ್ಣಬಣ್ಣದ ಪದರು. ಕಷ್ಟ ಇರುವುದು ಆರಿಸುವುದರಲ್ಲಿ. ನಾನು ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮಗು ಮೊದಲೇ ಊಹೆ ಹೇಳಿ, ಆ ಊಹೆ ತಪ್ಪಾಗುವ ಅವಕಾಶ ಇದೆಯಾ? ತಪ್ಪಾದ ಮೇಲೆ ಮಗುವೇ ಏನಾದರೂ ಒಂದನ್ನು ಬದಲಿಸಿ ಮತ್ತೆ ಮಾಡಿ ನೋಡಬಹುದಾ? ಎರಡಕ್ಕೂ ಹೌದು ಎಂದಾದರೆ ಮಾತ್ರ ಅದಕ್ಕೆ ನೀರು ತುಂಬಿಸುವ ಕೆಲಸ. ಇಲ್ಲವಾದರೆ ಅದು ಬರೀ ತೋರಿಕೆ. ಸಾಮಾನು ನಮ್ಮ ಕಾಸರಗೋಡಿನ ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಸಿಗುವಂಥದ್ದಾಗಿರಬೇಕು, ಆದಷ್ಟೂ ಮನೆಯಲ್ಲೇ ಇರಬೇಕು ಎನ್ನುವುದು ನಂತರದ ಮಾತು.

ಅಂಗನವಾಡಿಯಿಂದ ಎರಡನೇ ಕ್ಲಾಸಿನವರೆಗೆ: ಬಕೆಟ್ಟು ಸಾಕು

ಒಂದು ಬಕೆಟ್ ನೀರು, ಒಂದು ಬುಟ್ಟಿ ತುಂಬ ಸಾಮಾನು. ಒಂದೊಂದನ್ನೇ ಎತ್ತಿ ತೇಲುತ್ತೋ ಮುಳುಗುತ್ತೋ ಕೇಳುವುದು, ಆಮೇಲೆ ಹಾಕಿ ನೋಡುವುದು. ಎಲ್ಲರೂ ಮಾಡಿಸುತ್ತಾರೆ. ಆದರೆ ಕೈಗೆ ಸಿಕ್ಕಿದ್ದನ್ನು ಹಾಕಿಸಿದರೆ ಕಲ್ಲು ಮುಳುಗುತ್ತದೆ, ಎಲೆ ತೇಲುತ್ತದೆ, ಮಗುವಿನ ತಪ್ಪು ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಸಾಮಾನು ಆರಿಸುವಾಗ ಜೋಡಿಯಾಗಿ ಆರಿಸಿ. ದಪ್ಪ ಮೇಣದ ಬತ್ತಿ ತೇಲುತ್ತದೆ, ಸಣ್ಣ ಮೊಳೆ ಮುಳುಗುತ್ತದೆ. ದೊಡ್ಡ ಚಕ್ಕೋತ ಹಣ್ಣು ತೇಲುತ್ತದೆ, ಹಲಸಿನ ಬೇಳೆ ಮುಳುಗುತ್ತದೆ. ಎರಡನ್ನೂ ಮಗುವಿನ ಎರಡು ಕೈಗೆ ಕೊಟ್ಟು "ಯಾವುದು ಭಾರ?" ಎಂದು ಕೇಳಿ. ಆಮೇಲೆ ನೀರಿಗೆ ಹಾಕಿಸಿ.

ಈ ವಯಸ್ಸಿಗೆ ಒಂದೇ ಒಂದು ವಸ್ತು ಆರಿಸಿ ಎಂದರೆ ನಾನು ಕಿತ್ತಳೆ ಹಣ್ಣು ಎನ್ನುತ್ತೇನೆ. ಸಿಪ್ಪೆ ಸಹಿತ ಹಾಕಿದರೆ ತೇಲುತ್ತದೆ. ಅದನ್ನೇ ಸುಲಿದು ತೊಳೆ ಬಿಡಿಸಿ ಹಾಕಿದರೆ ಮುಳುಗುತ್ತದೆ. ಸುಲಿದ ಮೇಲೆ ಹಣ್ಣು ಹಗುರವಾಯಿತಲ್ಲ, ಮತ್ತೆ ಯಾಕೆ ಮುಳುಗಿತು? ಮಗು ಬಕೆಟ್ಟಿನ ಒಳಗೆ ಕೈ ಹಾಕಿ ತೊಳೆಯನ್ನು ಮೇಲಕ್ಕೆ ಎತ್ತುತ್ತದೆ, ಬಿಡುತ್ತದೆ, ಅದು ಮತ್ತೆ ಕೆಳಗೆ. ಬಿಸಾಡಿದ ಸಿಪ್ಪೆಯ ಚೂರು ಮಾತ್ರ ಮೇಲೆ ತೇಲಿಕೊಂಡೇ ಇರುತ್ತದೆ. ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿವೆ ಎಂದು ಆಗ ಹೇಳಬಹುದು. ಸಾಂದ್ರತೆ ಎಂಬ ಶಬ್ದ ಇನ್ನೂ ಬೇಡ.

ಮುರಕಲ್ಲಿನ, ಅಂದರೆ ತೂತು ತೂತಾದ ಕೆಂಪು ಕಲ್ಲಿನ ತುಂಡೂ ಒಂದಿರಲಿ, ನಮ್ಮಲ್ಲಿ ಅದಕ್ಕೇನು ಕಮ್ಮಿ? ಮುಳುಗುತ್ತದೆ, ಆದರೆ ಸುಮ್ನೆ ಮುಳುಗುವುದಿಲ್ಲ. ತೂತುಗಳಿಂದ ಪುಳಪುಳ ಗುಳ್ಳೆ ಬಿಡುತ್ತಾ ಹೋಗುತ್ತದೆ. ಒಳಗೆ ಗಾಳಿ ಇದ್ದರೂ ಯಾಕೆ ತೇಲಲಿಲ್ಲ ಎಂದು ಚುರುಕಿನ ಮಗು ಕೇಳಿಯೇ ಕೇಳುತ್ತದೆ. ಗಾಳಿ ಹೊರಗೆ ಹೋಗಿ ಅಲ್ಲಿ ನೀರು ತುಂಬಿತು, ಕಿತ್ತಳೆ ಸಿಪ್ಪೆಯ ಗಾಳಿ ಹಾಗೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಅಷ್ಟು ಸಾಕು.

ಊಹೆ ಹೇಳುವಾಗ ಮಕ್ಕಳು ಮನೆಯ ಮಾತಿನಲ್ಲೇ ಹೇಳಲಿ. ತುಳು, ಹವ್ಯಕ, ಮಲಯಾಳ, ಕೊಂಕಣಿ, ಬ್ಯಾರಿ, ಯಾವುದಾದರೂ ಆಗಬಹುದು. ಪುಸ್ತಕದ ಕನ್ನಡಕ್ಕೆ ತಡಕಾಡುತ್ತಾ ಕೂತರೆ ಊಹೆ ಬಾಯಿಗೇ ಬರುವುದಿಲ್ಲ.

ಎಂಟರಿಂದ ಹತ್ತು ವರ್ಷ: ದೋಣಿ, ಆದರೆ ಯಾವುದರ ದೋಣಿ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಇಡೀ ವಿಷಯದಲ್ಲಿ ಒಂದೇ ಪ್ರಯೋಗಕ್ಕೆ ಸಮಯ ಇರುವವರು ಇದನ್ನೇ ಮಾಡಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಕಾಗದದ ದೋಣಿ ಮಳೆಗಾಲದ ಆಟಕ್ಕೆ ಚಂದ, ಪಾಠಕ್ಕೆ ಅಲ್ಲ. ಕಾಗದ ಹೇಗಿದ್ದರೂ ಒದ್ದೆಯಾಗುವವರೆಗೆ ತೇಲುತ್ತದೆ. ಅಡಿಕೆ ಹಾಳೆಯ ದೋಣಿಯೂ ಅಷ್ಟೇ. ಒಣ ಹಾಳೆಯನ್ನು ಚೂರು ಮಾಡಿ ಹಾಕಿದರೂ ತೇಲುತ್ತದೆ. ಹಾಗಾದ ಮೇಲೆ ದೋಣಿಯ ಆಕಾರಕ್ಕೆ ಏನು ಬೆಲೆ ಬಂತು?

ತಾನಾಗಿ ಮುಳುಗುವ ವಸ್ತುವಿನಿಂದ ದೋಣಿ ಮಾಡಿಸಬೇಕು. ಪೇಟೆಯಲ್ಲಿ ಸಿಗುವ ಬಣ್ಣದ ಕ್ಲೇ, ಅಂದರೆ ನೀರಿನಲ್ಲಿ ಕರಗದ ಎಣ್ಣೆ ಜಿಡ್ಡಿನ ಜಾತಿಯದ್ದು, ಇದಕ್ಕೆ ಹೇಳಿ ಮಾಡಿಸಿದ್ದು. ಗದ್ದೆಯ ಜೇಡಿಮಣ್ಣು ನೀರಿಗೆ ಕರಗುತ್ತದೆ, ಹಿಟ್ಟು ಮೆತ್ತಗಾಗುತ್ತದೆ. ಒಂದು ಉಂಡೆ ಕ್ಲೇ ಕೊಟ್ಟು ಮೊದಲು ಉಂಡೆಯಾಗಿಯೇ ನೀರಿಗೆ ಹಾಕಿಸಿ. ಮುಳುಗುತ್ತದೆ. "ಇದನ್ನೇ ತೇಲಿಸು, ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು" ಎಂದು ಹೇಳಿ ಬಿಟ್ಟುಬಿಡಿ. ಹೆಚ್ಚಿನ ಮಕ್ಕಳು ಮೊದಲು ಚಪಾತಿಯಂತೆ ಚಪ್ಪಟೆ ಮಾಡುತ್ತಾರೆ. ಅದೂ ಮುಳುಗುತ್ತದೆ. ಬಾಯಿ ಮುಚ್ಚಿಕೊಂಡು ಕೂರಬೇಕಾದ್ದು ಆಗಲೇ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಅಂಚನ್ನು ಮೇಲಕ್ಕೆ ಎತ್ತಿ ಬಟ್ಟಲು ಮಾಡುತ್ತಾರೆ. ಬಟ್ಟಲು ತೇಲುತ್ತದೆ. ತೂಕ ಬದಲಾಗಲಿಲ್ಲ, ಆಕಾರ ಬದಲಾಯಿತು, ಬದಿಗೆ ತಳ್ಳಲ್ಪಟ್ಟ ನೀರು ಜಾಸ್ತಿಯಾಯಿತು. ತಪ್ಪು ನಂಬಿಕೆಯ ಬುಡ ಅಲುಗಾಡುವುದು ಅಲ್ಲಿ.

ನಂತರ ಸರಕು ಹೇರುವ ಸ್ಪರ್ಧೆ. ನಾಣ್ಯ ಹಾಕಿಸುವುದಾದರೆ ಎಲ್ಲರಿಗೂ ಒಂದೇ ಬಗೆಯ ನಾಣ್ಯ ಕೊಡಿ. ಹಳೆಯ, ಹೊಸ ಐದು ರೂಪಾಯಿಗಳ ತೂಕ ಒಂದೇ ಅಲ್ಲ. ನಾಣ್ಯಗಳನ್ನು ಒಂದೇ ಬದಿಗೆ ರಾಶಿ ಹಾಕಿದವರ ದೋಣಿ ಜಾಗ ಇದ್ದರೂ ಮಗುಚುತ್ತದೆ. ಅದು ಇನ್ನೊಂದು ಪಾಠ. ಲೆಕ್ಕ ಬರುವ ಮಕ್ಕಳಿಗೆ ಹೀಗೆ ಕೇಳಿ: 50 ಗ್ರಾಂ ಕ್ಲೇಯ ದೋಣಿ ಅಂಚಿನವರೆಗೆ ಮುಳುಗಿದಾಗ 150 ಮಿಲಿಲೀಟರ್ ನೀರನ್ನು ತಳ್ಳುತ್ತದೆ ಎಂದಾದರೆ ಎಷ್ಟು ಸರಕು ಹೊರಬಹುದು? ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ. ಹಾಗಾಗಿ 100 ಗ್ರಾಂ. ಹಡಗಿನ ಲೆಕ್ಕವೂ ಇದೇ. ಕೊಚ್ಚಿಯಲ್ಲಿ ಕಟ್ಟಿ 2022ರ ಸೆಪ್ಟೆಂಬರಿನಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ್ ಸುಮಾರು 43,000 ಟನ್ನಿನ ಹಡಗು ಎನ್ನುತ್ತಾರಲ್ಲ, ಅದು ತಕ್ಕಡಿಯಲ್ಲಿ ಇಟ್ಟು ತೂಗಿದ ಲೆಕ್ಕ ಅಲ್ಲ. ಪೂರ್ತಿ ಸರಕು ಹೇರಿದಾಗ ಹಡಗು ತಳ್ಳುವ ನೀರಿನ ತೂಕ ಅದು.

ಕ್ಲೇ ಸಿಗದಿದ್ದರೆ ಅಲ್ಯೂಮಿನಿಯಂ ಫಾಯಿಲ್ ಆಗಬಹುದು. ಆದರೆ ಫಾಯಿಲನ್ನು ಕೈಯಲ್ಲಿ ಉಂಡೆ ಮಾಡಿದರೆ ಮಡಿಕೆಗಳಲ್ಲಿ ಗಾಳಿ ಉಳಿದು ಉಂಡೆಯೂ ತೇಲುತ್ತದೆ. ಸುತ್ತಿಗೆಯಲ್ಲಿ ಜಜ್ಜಿ ಗಟ್ಟಿ ಮಾಡಿದರೆ ಮಾತ್ರ ಮುಳುಗೀತು. ಅದಕ್ಕಿಂತ ನಮ್ಮ ಅಡಿಗೆಮನೆಯ ಗೆರಟೆ ವಾಸಿ. ತೆಂಗಿನಕಾಯಿಯ ಅರ್ಧ ಗೆರಟೆ ದೋಣಿಯಂತೆ ತೇಲುತ್ತದೆ. ಅದನ್ನೇ ಒಡೆದು, ನಾರು ಚೆನ್ನಾಗಿ ಕೆರೆದು, ಅಂಟಿದ ಗುಳ್ಳೆ ಒರೆಸಿ ಚೂರನ್ನು ಹಾಕಿದರೆ ಮುಳುಗುತ್ತದೆ. ಆಕಾರ ಬದಲಿಸಿ ಮತ್ತೆ ತೇಲಿಸಲು ಬರುವುದಿಲ್ಲ ಎನ್ನುವುದೊಂದೇ ಕೊರತೆ. ಕ್ಲೇ ಮೊದಲು, ಗೆರಟೆ ಎರಡನೆಯದು, ಫಾಯಿಲ್ ಕೊನೆಗೆ.

ತೋಟದವರಿಗೆ ಗೊತ್ತಿರುವ ಪ್ರಯೋಗ

ಅಡಿಕೆ, ಗೇರು, ಭತ್ತ ಇರುವ ಮನೆಯ ಮಕ್ಕಳಿಗೆ ಬೀಜ ಆರಿಸುವ ಕೆಲಸವೇ ಪ್ರಯೋಗ. ಗಿಡ ಮಾಡಲು ಅಡಿಕೆ ಆರಿಸುವಾಗ ಚೆನ್ನಾಗಿ ಹಣ್ಣಾದ, ತೂಕದ ಅಡಿಕೆಯನ್ನು ನೀರಿಗೆ ಹಾಕುತ್ತಾರೆ. ಹಣ್ಣಡಿಕೆ ತೇಲುತ್ತದೆ. ಆದರೆ ತೇಲಿದ್ದೆಲ್ಲ ಬೇಡ. ತೊಟ್ಟಿನ ಟೋಪಿ ಇರುವ ತುದಿ ಮೇಲಾಗಿ ನೆಟ್ಟಗೆ ನಿಂತು ತೇಲುವುದನ್ನು ಮಾತ್ರ ಆರಿಸಬೇಕು ಎಂಬುದು ಶಿಫಾರಸು. ಗೇರುಬೀಜದಲ್ಲಿ ಉಲ್ಟಾ. ನೀರಿನಲ್ಲಿ ಮುಳುಗಿದ್ದು ಬಿತ್ತನೆಗೆ, ತೇಲಿದ್ದನ್ನು ಬಿಡುವುದು. ಭತ್ತದಲ್ಲಿ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಕೆಳಗೆ ಹೋಗುತ್ತದೆ. ಇನ್ನೂ ಕಟ್ಟುನಿಟ್ಟಾಗಿ ಆರಿಸುವವರು ನೀರಿಗೆ ಉಪ್ಪು ಹಾಕುತ್ತಾರೆ. ಉಪ್ಪು ಸಾಕಾಯಿತೋ ಎಂದು ನೋಡಲು ಒಂದು ಮೊಟ್ಟೆ ಇಡುತ್ತಾರೆ. ಅದು ತೇಲಿದರೆ ನೀರು ಹದಕ್ಕೆ ಬಂತು ಎಂದರ್ಥ.

ಯಾಕೆ ಒಂದು ಅಡಿಕೆ ನೆಟ್ಟಗೆ ನಿಲ್ಲುತ್ತದೆ, ಇನ್ನೊಂದು ಅಡ್ಡ ಬೀಳುತ್ತದೆ? ಭಾರ ಯಾವ ತುದಿಯಲ್ಲಿದೆ ಎಂಬುದರ ಮೇಲೆ. ಅಡ್ಡ ಬಿದ್ದ ಒಂದನ್ನೂ ನೆಟ್ಟಗೆ ನಿಂತ ಒಂದನ್ನೂ ಸೀಳಿ ಒಳಗೆ ನೋಡಿದರೆ ಮಕ್ಕಳಿಗೆ ಮಾತಾಡಲು ಬೇಕಾದಷ್ಟು ಸಿಗುತ್ತದೆ. ಮೊದಲಿನ ದೋಣಿ ಪ್ರಯೋಗಕ್ಕೆ ಹೋಲಿಸಿದರೆ ಇಲ್ಲಿ ಮಗು ಬದಲಿಸಬಹುದಾದದ್ದು ಕಮ್ಮಿ. ಆದರೆ ಈ ಪಾಠಕ್ಕೆ ಮನೆಯಲ್ಲಿ ಕೆಲಸ ಇದೆ. ಅಜ್ಜನ ಜೊತೆ ಕೂತು ಮಾಡಬಹುದು, ಅದು ಸಣ್ಣ ಲಾಭ ಅಲ್ಲ.

ಮೊಟ್ಟೆಯೋ, ಸ್ಟ್ರಾವೋ?

ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವುದು ಎಲ್ಲ ಕಡೆ ಹೇಳುವ ಪ್ರಯೋಗ. 200 ಮಿಲಿಲೀಟರಿನ ಒಂದು ಲೋಟ ನೀರಿಗೆ ಎರಡು ದೊಡ್ಡ ಚಮಚ ಪುಡಿ ಉಪ್ಪು ಕರಗಿಸಿದರೆ ಸಾಕು. ಮೊಟ್ಟೆ ತಾಜಾ ಇರಬೇಕು. ಹಳತಾದ ಮೊಟ್ಟೆಯ ಒಳಗೆ ಗಾಳಿಯ ಜಾಗ ದೊಡ್ಡದಾಗಿ ಅದು ಸಪ್ಪೆ ನೀರಿನಲ್ಲೇ ಮೇಲೆ ಬಂದುಬಿಡುತ್ತದೆ. ಮೊಟ್ಟೆ ಮನೆಯೊಳಗೆ ಬರದ ಮನೆಗಳು ನಮ್ಮಲ್ಲಿ ಬಹಳ ಇವೆ. ಅವರು ಬಟಾಟೆಯ ತುಂಡು ಹಾಕಿದರಾಯಿತು. ಅದೂ ಸಪ್ಪೆ ನೀರಿನಲ್ಲಿ ಮುಳುಗಿ, ಹೆಚ್ಚುಕಮ್ಮಿ ಅಷ್ಟೇ ಉಪ್ಪಿಗೆ ತೇಲುತ್ತದೆ.

ಇದರ ತೊಂದರೆ ಏನೆಂದರೆ ಮಗು "ಉಪ್ಪು ಹಾಕಿದರೆ ತೇಲುತ್ತದೆ" ಎಂದು ಕಲಿಯುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಅದನ್ನು ಮುರಿಯಲು ನಮಗೆ ಕಡಲು ಹತ್ತಿರದಲ್ಲೇ ಇದೆ. ಒಂದು ಬಾಟಲಿ ಸಮುದ್ರದ ನೀರು ತಂದು ಅದರಲ್ಲಿ ತಾಜಾ ಮೊಟ್ಟೆ ಬಿಡಿಸಿ. ತೇಲುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ. ಅದು ಮುಳುಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ ಉಪ್ಪು, ನಮ್ಮ ಲೋಟದ ಲೆಕ್ಕದಲ್ಲಿ 7 ಗ್ರಾಂ ಮಾತ್ರ. ಮೊಟ್ಟೆಗೆ ಅಷ್ಟು ಸಾಲದು. ಇದೇ ಕಾರಣಕ್ಕೆ ಮೊಟ್ಟೆಯ ಪ್ರಯೋಗವನ್ನು ಬಿಟ್ಟುಬಿಡಬೇಡಿ ಎನ್ನುತ್ತೇನೆ. ಲೋಟದ ನೀರು, ಸಮುದ್ರದ ನೀರು ಎರಡೂ ಇದ್ದರೆ ಮಾತ್ರ ಅದು ಪೂರ್ತಿಯಾಗುತ್ತದೆ.

ಐದನೇ ಕ್ಲಾಸು ದಾಟಿದವರಿಗೆ ಮೊಟ್ಟೆಗಿಂತ ಸ್ಟ್ರಾ ಒಳ್ಳೆಯದು. ಪ್ಲಾಸ್ಟಿಕ್ ಸ್ಟ್ರಾದ ಒಂದು ತುದಿಗೆ ಕ್ಲೇ ಮೆತ್ತಿ, ಅದು ಲೋಟದಲ್ಲಿ ನೆಟ್ಟಗೆ ನಿಂತು ತೇಲುವ ಹಾಗೆ ಮಾಡಬೇಕು. ಬಾವಿ ನೀರಿನಲ್ಲಿ ಎಲ್ಲಿಯವರೆಗೆ ಮುಳುಗಿತೋ ಅಲ್ಲಿ ಪೆನ್ನಿನಿಂದ ಗೆರೆ. ಉಪ್ಪುನೀರಿನಲ್ಲಿ ಇನ್ನೊಂದು ಗೆರೆ. ಮೊಟ್ಟೆ ಹೇಳುವುದು ಹೌದು ಅಥವಾ ಅಲ್ಲ. ಸ್ಟ್ರಾ ಎಷ್ಟು ಎಂದೂ ಹೇಳುತ್ತದೆ. ಹಾಲಿನ ಸೊಸೈಟಿಯಲ್ಲಿ ಹಾಲಿಗೆ ಇಳಿಸುವ ಗಾಜಿನ ಕಡ್ಡಿಯೂ ಇದೇ ಜಾತಿ. ಹತ್ತು ಸೆಂಟಿಮೀಟರ್ ಮುಳುಗುವ ಸ್ಟ್ರಾ ಸಮುದ್ರದ ನೀರಿನಲ್ಲಿ ಎರಡೂವರೆ ಮಿಲಿಮೀಟರ್ ಹತ್ತಿರ ಮೇಲೇಳುತ್ತದೆ. ಸಣ್ಣ ವ್ಯತ್ಯಾಸ, ಆದರೆ ಕಣ್ಣಿಗೆ ಕಾಣುತ್ತದೆ. ಬೇಸಗೆಯಲ್ಲಿ ಕಡಲ ನೀರು ಚಂದ್ರಗಿರಿ ಹೊಳೆಯೊಳಗೆ ಏರಿ ಬರುತ್ತದೆ. ಅಳಿವೆಯ ಹತ್ತಿರದ ನೀರನ್ನೂ ಮೇಲಿನ ನೀರನ್ನೂ ದೊಡ್ಡವರು ತಂದುಕೊಟ್ಟರೆ ಮಕ್ಕಳು ಅಳೆದು ನೋಡಬಹುದು.

ನೋಡಲು ಚಂದ, ಅಷ್ಟೆ

ಗೋಲಿ ಸೋಡಾದಲ್ಲಿ ಒಣದ್ರಾಕ್ಷಿ ಕುಣಿಸುವುದು ಐದು ನಿಮಿಷದ ಸಂತೋಷ. ಗುಳ್ಳೆ ಅಂಟಿ ಮೇಲೆ ಬರುತ್ತದೆ, ಗುಳ್ಳೆ ಒಡೆದು ಕೆಳಗೆ ಹೋಗುತ್ತದೆ. ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಮಗುವಿಗೆ ಬದಲಿಸಲು ಅಲ್ಲಿ ಹೆಚ್ಚೇನೂ ಇಲ್ಲ.

ಜೇನು, ನೀರು, ಎಣ್ಣೆಯ ಪದರು ಮಾಡುವುದೂ ಹಾಗೆಯೇ. ಆದರೆ ತೆಂಗಿನೆಣ್ಣೆ ಇರುವ ಮನೆಯಲ್ಲಿ ಅದಕ್ಕೊಂದು ಬಾಲ ಸೇರಿಸಬಹುದು. ಸ್ವಲ್ಪ ಎಣ್ಣೆಯನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ. ಐಸ್ ತುಂಡನ್ನು ನೀರಿಗೆ, ಗಟ್ಟಿ ಎಣ್ಣೆಯ ತುಂಡನ್ನು ದ್ರವ ಎಣ್ಣೆಗೆ ಹಾಕಿ. ಐಸ್ ತೇಲುತ್ತದೆ, ಎಣ್ಣೆಯ ತುಂಡು ಮುಳುಗುತ್ತದೆ. ಗಟ್ಟಿಯಾದಾಗ ಹಿಗ್ಗುವುದು ನೀರಿನ ವಿಚಿತ್ರ ಗುಣ, ಹೆಚ್ಚಿನ ವಸ್ತುಗಳು ಕುಗ್ಗುತ್ತವೆ. ಇದು ಮಾತ್ರ ಎಂಟನೇ ಕ್ಲಾಸಿನವರನ್ನೂ ತಲೆ ಕೆರೆದುಕೊಳ್ಳುವಂತೆ ಮಾಡುತ್ತದೆ.

ಬಾಟಲಿಯೊಳಗಿನ ಮುಳುಗುಗಾರ

ಪೆನ್ನಿನ ಕ್ಯಾಪಿನ ಬಾಯಿಯ ಅಂಚಿಗೆ ಕ್ಲೇ ಮೆತ್ತಿ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯೊಳಗೆ ಬಿಟ್ಟು ಮುಚ್ಚಳ ಬಿಗಿ ಮಾಡುವುದು. ಕ್ಯಾಪಿನ ತಲೆಯಲ್ಲಿ ತೂತು ಇರಬಾರದು. ಬಾಟಲಿ ಅದುಮಿದರೆ ಕ್ಯಾಪ್ ಕೆಳಗೆ, ಬಿಟ್ಟರೆ ಮೇಲೆ. ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತನ ಹೆಸರಿನಿಂದ ಪ್ರಸಿದ್ಧವಾದರೂ ಇದನ್ನು ಮೊದಲು ಬರೆದಿಟ್ಟವನು 1648ರಲ್ಲಿ ಇಟಲಿಯ ಮಾಜಿಯೊತ್ತಿ. ಮಾಡಿಸುವವರಿಗೆ ಒಂದು ಕಿವಿಮಾತು: ಮೊದಲು ಲೋಟದಲ್ಲಿ ಬಿಟ್ಟು ನೋಡಿ, ಕ್ಯಾಪಿನ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಕ್ಲೇ ಇರಬೇಕು. ಬಾಟಲಿ ಕಂಠದವರೆಗೆ ತುಂಬಿರಬೇಕು. ದಪ್ಪ ಬಾಟಲಿ ಬೇಡ.

ಇದು ಹತ್ತು ವರ್ಷದ ಮೇಲಿನವರಿಗೆ. ಸಣ್ಣವರಿಗೆ ಇದು ಮಾಯಾಜಾಲ ಆಗಿಬಿಡುತ್ತದೆ, ಅದುಮಲು ಅವರ ಕೈಗೆ ಬಲವೂ ಸಾಲದು. ದೋಣಿ ಮಾಡಿದ ಮಕ್ಕಳು ಮಾತ್ರ ಕ್ಯಾಪಿನೊಳಗೆ ಕಣ್ಣಿಡುತ್ತಾರೆ. ಅದುಮಿದಾಗ ಒಳಗಿನ ಗಾಳಿ ಕುಗ್ಗಿ ನೀರಿನ ಮಟ್ಟ ಏರುವುದು ಕಾಣಬೇಕು ಎಂದಾದರೆ ಕ್ಯಾಪ್ ಪಾರದರ್ಶಕ ಇರಬೇಕು. ಔಷಧಿಯ ಡ್ರಾಪರ್ ಇನ್ನೂ ವಾಸಿ. ಸಬ್‌ಮೆರೀನ್ ನೀರು ತುಂಬಿಸಿ ಮುಳುಗುವುದು, ಮೀನು ಹೊಟ್ಟೆಯೊಳಗಿನ ಗಾಳಿಚೀಲದಿಂದ ಮಟ್ಟ ಕಾಯುವುದು, ಎರಡಕ್ಕೂ ಇಲ್ಲಿಂದ ದಾರಿ ಇದೆ.

ಹೈಸ್ಕೂಲಿಗೆ: ಸ್ಪ್ರಿಂಗ್ ತ್ರಾಸೋ, ಅಡಿಗೆಮನೆಯ ತಕ್ಕಡಿಯೋ?

ಬಾವಿಯಿಂದ ನೀರು ಸೇದಿದವರಿಗೆಲ್ಲ ಗೊತ್ತು, ಕೊಡಪಾನ ನೀರಿನೊಳಗೆ ಇರುವಷ್ಟು ಹೊತ್ತು ಹಗುರ, ಹೊರಗೆ ಬಂದ ಕ್ಷಣ ಹಗ್ಗ ಬಿಗಿಯುತ್ತದೆ. ಹೈಸ್ಕೂಲಿನಲ್ಲಿ ಅದನ್ನೇ ಅಳೆಯಬೇಕು. ಶಾಲೆಯ ಲ್ಯಾಬಿನ ದಾರಿ ಸ್ಪ್ರಿಂಗ್ ತ್ರಾಸು. ಕಲ್ಲನ್ನು ಗಾಳಿಯಲ್ಲಿ ತೂಗಿ, ನೀರಿನಲ್ಲಿ ಮುಳುಗಿಸಿ ತೂಗಿ, ವ್ಯತ್ಯಾಸ ನೋಡುವುದು. 270 ಗ್ರಾಂ ತೂಗುವ ಕರಿಕಲ್ಲು ಸುಮಾರು 100 ಮಿಲಿಲೀಟರ್ ಜಾಗ ಹಿಡಿಯುತ್ತದೆ, ನೀರಿನಲ್ಲಿ 170 ಗ್ರಾಂ ತೋರಿಸುತ್ತದೆ. ಸರಿಯೇ. ಆದರೆ ಹಳೆಯ ತ್ರಾಸಿನ ಮುಳ್ಳು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ, ಹೊರಚೆಲ್ಲಿದ ನೀರು ಹಿಡಿಯುವಾಗ ನಾಲ್ಕು ಹನಿ ಪಾತ್ರೆಗೇ ಅಂಟಿಕೊಳ್ಳುತ್ತದೆ. ಲೆಕ್ಕ ಸರಿ ಬರದಿದ್ದರೆ ಮಕ್ಕಳು ಪುಸ್ತಕದ ಉತ್ತರ ಬರೆದು ಕೂರುತ್ತಾರೆ.

ನನ್ನ ಓಟು ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಗೆ. ಅದರ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನೊಳಗೆ ತೂಗುಹಾಕಿ. ತಕ್ಕಡಿ 100 ತೋರಿಸುತ್ತದೆ. ಕಲ್ಲು ಕೈಯಲ್ಲೇ ಇದೆ, ಮತ್ತೆ ಈ ನೂರು ಎಲ್ಲಿಂದ ಬಂತು? ನೀರು ಕಲ್ಲನ್ನು ಮೇಲಕ್ಕೆ ತಳ್ಳುವಷ್ಟೇ ಬಲದಿಂದ ಕಲ್ಲು ನೀರನ್ನು ಕೆಳಕ್ಕೆ ತಳ್ಳುತ್ತದೆ. ನೀರು ಮೇಲಕ್ಕೆ ತಳ್ಳುವ ಆ ಬಲ, ಅಂದರೆ ಪ್ಲವನ ಬಲ, ತಕ್ಕಡಿಯ ಮೇಲೆ ಅಂಕಿಯಾಗಿ ಕೂತಿದೆ.

ಈಗ 50 ಗ್ರಾಂ ಕ್ಲೇ ಉಂಡೆಯನ್ನು ಹಾಗೆಯೇ ತೂಗುಹಾಕಿ: 30ರ ಆಚೀಚೆ. ಅದೇ ಕ್ಲೇಯ ದೋಣಿ ತೇಲಿಸಿ: ಪೂರ್ತಿ 50. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ತಳ್ಳುತ್ತದೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ರಾಜನ ಚಿನ್ನದ ಕಿರೀಟಕ್ಕೆ ಬೆಳ್ಳಿ ಬೆರೆಸಿದ್ದನ್ನು ಆರ್ಕಿಮಿಡೀಸ್ ನೀರಿನಲ್ಲಿ ಮುಳುಗಿಸಿ, ಏರಿದ ನೀರು ನೋಡಿ ಪತ್ತೆ ಹಚ್ಚಿದ ಕಥೆ ಹೇಳಿ, ಮಕ್ಕಳಿಗೆ ಇಷ್ಟ. ಆದರೆ ಅದನ್ನು ಪ್ರಯೋಗವಾಗಿ ಮಾಡಿಸಲು ಹೋಗಬೇಡಿ. ಕಿರೀಟದಲ್ಲಿ ಬೆಳ್ಳಿ ಬೆರೆತದ್ದರಿಂದ ಏರುವ ನೀರು ಅಳೆಯಲಾಗದಷ್ಟು ಕಮ್ಮಿ. ಗೆಲಿಲಿಯೋ 1586ರಲ್ಲೇ ಇದನ್ನು ಗಮನಿಸಿ, ಆರ್ಕಿಮಿಡೀಸ್ ನೀರಿನೊಳಗೆ ತೂಗಿಯೇ ಕಂಡುಹಿಡಿದಿರಬೇಕು ಎಂದು ಬರೆದಿದ್ದ.

ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ, ಅಂದರೆ ಶಾಲಾ ಮಕ್ಕಳ ವಿಜ್ಞಾನ ಮೇಳಕ್ಕೆ, ಏನು ಒಯ್ಯುವುದು ಎಂದು ಕೇಳುವವರಿಗೂ ಈ ತಕ್ಕಡಿಯನ್ನೇ ಹೇಳುತ್ತೇನೆ. ಬಾಟಲಿಯ ಮುಳುಗುಗಾರನನ್ನು ತರುವವರು ಬೇರೆ ಇದ್ದೇ ಇರುತ್ತಾರೆ.

ಕೊನೆಗೆ ಎರಡು ಮನೆಗೆಲಸದ ಮಾತು. ಯಾವ ಪ್ರಯೋಗವಾದರೂ ಅಂಗಳದಲ್ಲಿ, ಬಕೆಟ್ಟಿನಲ್ಲಿ. ಕೆರೆ, ಮದಕ, ಹೊಳೆಯ ಬದಿ ಬೇಡ. ಸಣ್ಣ ಮಕ್ಕಳಿರುವಲ್ಲಿ ಮುಗಿದ ಕೂಡಲೇ ಬಕೆಟ್ ಕವುಚಿ ಹಾಕಿ. ಎಪ್ರಿಲ್, ಮೇ ತಿಂಗಳಲ್ಲಿ ಆ ನೀರನ್ನು ಬಸಳೆಗೆ ಹೊಯ್ಯಬಹುದು. ಉಪ್ಪು ಹಾಕಿದ್ದನ್ನು ಮಾತ್ರ ಗಿಡದ ಬುಡಕ್ಕೆ ಹಾಕದೆ ಬಚ್ಚಲಿಗೆ ಚೆಲ್ಲಿ.